ಮನೆಯಲ್ಲಿ ಬ್ಯಾಟರಿಯಿಂದ ತಯಾರಿಸುವ ಕಲಿಲ ಬೆಳ್ಳಿ ದ್ರಾವಣ: ಸಾರ್ವಜನಿಕರ ತಿಳಿವಳಿಕೆಗಾಗಿ

ಪೀಠಿಕೆ

ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ಹರಡಿಕೊಂಡಿರುವ ದ್ರಾವಣಕ್ಕೆ ಕಲಿಲ ಬೆಳ್ಳಿ ಅಥವಾ ಕೊಲಾಯ್ಡಲ್ ಸಿಲ್ವರ್ ಎಂದು ಹೆಸರು. ಕೆಲವು 9 ವೋಲ್ಟ್ ಬ್ಯಾಟರಿಗಳು, ಎರಡು ಬೆಳ್ಳಿ ತಂತಿಗಳು ಹಾಗೂ ಒಂದು ಲೋಟ ಬಟ್ಟಿ ಇಳಿಸಿದ ನೀರು ಇದ್ದಲ್ಲಿ ಇದನ್ನು ಮನೆಯಲ್ಲಿಯೇ ತಯಾರಿಸಬಹುದೆಂದೂ, ನಿತ್ಯ ಸೇವಿಸಿದಲ್ಲಿ ಸೋಂಕು ರೋಗಗಳು ದೂರವಾಗುವವೆಂದೂ ಪ್ರಚಾರವಿರುತ್ತದೆ. ತಯಾರಿಕೆ ಸುಲಭವೆಂಬುದು ನಿಜ. ಆದರೆ ತಯಾರಾದ ನೀರಿನಲ್ಲಿರುವ ಬೆಳ್ಳಿಯ ಪ್ರಮಾಣವನ್ನು ಮನೆಯಲ್ಲಿ ನಿಖರವಾಗಿ ಅಳೆಯಲು ಸಾಧ್ಯವಿರುವುದಿಲ್ಲ. ಚರ್ಮದಲ್ಲಿ ನೆಲೆಗೊಂಡ ಬೆಳ್ಳಿಯನ್ನು ಔಷಧದಿಂದ ಹೊರತೆಗೆಯಲೂ ಸಾಧ್ಯವಿರುವುದಿಲ್ಲ. ಈ ಎರಡು ಅಂಶಗಳನ್ನು ಕೆಳಕಂಡಂತೆ ವಿವರಿಸಲಾಗಿದೆ.

1. ಲೋಟದಲ್ಲಿ ನಡೆಯುವ ಕ್ರಿಯೆ

ಇದು ಶಾಲಾ ಪಠ್ಯಪುಸ್ತಕಗಳಲ್ಲಿರುವ ವಿದ್ಯುದ್ವಿಭಜನೆಯೇ ಆಗಿರುತ್ತದೆ. ಬ್ಯಾಟರಿಯ ಧನಾಗ್ರಕ್ಕೆ ಜೋಡಿಸಿದ ತಂತಿಯಿಂದ ಬೆಳ್ಳಿಯು ಅಯಾನುಗಳ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಋಣಾಗ್ರದ ತಂತಿಯ ಬಳಿ ಜಲಜನಕದ ಗುಳ್ಳೆಗಳು ಏಳುತ್ತವೆ. ನೀರು ಸೇರಿದ ಬೆಳ್ಳಿಯಲ್ಲಿ ಹೆಚ್ಚಿನ ಭಾಗ ಅಯಾನುಗಳಾಗಿಯೇ ಉಳಿದು, ಸ್ವಲ್ಪ ಭಾಗ ಮಾತ್ರ ಕಣಗಳಾಗುತ್ತದೆ. ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರನ್ನು ಬಳಸಿದಲ್ಲಿ ಅಥವಾ ಉಪ್ಪು ಬೆರೆಸಿದಲ್ಲಿ ಬೆಳ್ಳಿಯ ಕ್ಲೋರೈಡ್ ಉಂಟಾಗಿ ನೀರು ಬಿಳಿಚಿಕೊಳ್ಳುತ್ತದೆ. ಆಭರಣದ ಬೆಳ್ಳಿಯಲ್ಲಿ ಸಾಮಾನ್ಯವಾಗಿ ತಾಮ್ರದ ಬೆರಕೆ ಇರುವುದರಿಂದ, ಕಾಲ್ಗೆಜ್ಜೆ ಮುಂತಾದವುಗಳನ್ನು ಬಳಸಿದಲ್ಲಿ ತಾಮ್ರವೂ ನೀರಿಗೆ ಸೇರುತ್ತದೆ.

ಬೆಳ್ಳಿ ಲೋಟದಲ್ಲಿ ನೀರು ಕುಡಿಯುವ ರೂಢಿಯನ್ನು ಇದಕ್ಕೆ ಹೋಲಿಸುವುದು ಸರಿಯಲ್ಲ. ಲೋಟದಿಂದ ಅತ್ಯಲ್ಪ ಬೆಳ್ಳಿ ಮಾತ್ರ ಕರಗುತ್ತದೆ. ಇಲ್ಲಿ ವಿದ್ಯುತ್ತಿನ ಬಲದಿಂದ ಬೆಳ್ಳಿಯನ್ನು ನೀರಿಗೆ ಇಳಿಸಲಾಗುತ್ತದೆ.

2. ಪ್ರಮಾಣದ ಲೆಕ್ಕ

ಫ್ಯಾರಡೆಯ ನಿಯಮದ ಪ್ರಕಾರ 1 ಮಿಲಿಆಂಪಿಯರ್ ವಿದ್ಯುತ್ 1 ಗಂಟೆ ಕಾಲ ಹರಿದಲ್ಲಿ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. ಇದಿಷ್ಟೂ 250 ಮಿಲಿಲೀಟರ್ ನೀರಿನಲ್ಲಿಯೇ ಉಳಿದಲ್ಲಿ ಲೀಟರಿಗೆ 16 ಮಿಲಿಗ್ರಾಂ ಆಗುತ್ತದೆ. ಭಾರತೀಯ ಮಾನಕ ಐ.ಎಸ್. 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಬೆಳ್ಳಿಯ ಗರಿಷ್ಠ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಅಂದರೆ ಸದರಿ ನೀರಿನಲ್ಲಿ ಮಿತಿಯ 160 ಪಟ್ಟು ಬೆಳ್ಳಿ ಇರುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.005 ಮಿಲಿಗ್ರಾಂ ಬೆಳ್ಳಿಯನ್ನು ಸುರಕ್ಷಿತ ಮಿತಿಯನ್ನಾಗಿ ನಿಗದಿಪಡಿಸಿದೆ. 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ಇದು ದಿನಕ್ಕೆ 0.3 ಮಿಲಿಗ್ರಾಂ. ಮೇಲ್ಕಂಡ ಒಂದು ಲೋಟ ನೀರು 13 ದಿನಗಳ ಮಿತಿಯನ್ನು ಒಂದೇ ದಿನದಲ್ಲಿ ಮುಗಿಸುತ್ತದೆ.

ವಾಸ್ತವದಲ್ಲಿ ವಿದ್ಯುತ್ ಪ್ರವಾಹ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬೆಳ್ಳಿ ಕರಗಿದಂತೆ ನೀರಿನ ವಾಹಕತೆ ಹೆಚ್ಚಿ, ಪ್ರವಾಹವೂ ಹೆಚ್ಚುತ್ತದೆ. ಆದುದರಿಂದ ಒಂದೇ ಮನೆಯಲ್ಲಿ ಇಂದು ತಯಾರಿಸಿದ ನೀರಿಗೂ ನಾಳೆ ತಯಾರಿಸಿದ ನೀರಿಗೂ ಹೊಂದಿಕೆ ಇರುವುದಿಲ್ಲ. ಟಿ.ಡಿ.ಎಸ್. ಮೀಟರ್ ವಾಹಕತೆಯನ್ನು ಮಾತ್ರ ಅಳೆಯುವುದರಿಂದ ಬೆಳ್ಳಿಯ ಕಣಗಳು ಅದರ ಲೆಕ್ಕಕ್ಕೆ ಬರುವುದಿಲ್ಲ.

3. ದೇಹದಲ್ಲಿ ಜಮೆಯಾಗುವ ಬೆಳ್ಳಿ

ಬೆಳ್ಳಿಯು ದೇಹಕ್ಕೆ ಅಗತ್ಯವಿರುವ ಖನಿಜವಲ್ಲ. ಸೇವಿಸಿದ್ದರಲ್ಲಿ ಹೆಚ್ಚಿನ ಭಾಗ ಮಲದ ಮೂಲಕ ಹೊರಹೋಗುತ್ತದೆ. ಉಳಿದ ಸ್ವಲ್ಪ ಭಾಗ ಚರ್ಮ, ವಸಡು, ಕಣ್ಣು ಹಾಗೂ ಒಳ ಅಂಗಗಳಲ್ಲಿ ವರ್ಷದಿಂದ ವರ್ಷಕ್ಕೆ ಜಮೆಯಾಗುತ್ತದೆ. ಬಿಸಿಲು ತಾಗಿದಾಗ, ಹಳೆಯ ಫೋಟೋ ಫಿಲ್ಮ್ ಕಪ್ಪಾಗುತ್ತಿದ್ದ ರೀತಿಯಲ್ಲಿಯೇ, ಚರ್ಮವು ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ. ಈ ಸ್ಥಿತಿಗೆ ಆರ್ಜೀರಿಯಾ ಎಂದು ಹೆಸರು. ಬಣ್ಣ ಕಾಣಿಸಿಕೊಳ್ಳುವವರೆಗೆ ನೋವಾಗಲಿ ಜ್ವರವಾಗಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಸೇವಿಸುವವರಿಗೆ ಮುನ್ಸೂಚನೆ ದೊರೆಯುವುದಿಲ್ಲ. ಲೇಸರ್ ಚಿಕಿತ್ಸೆಯಿಂದ ಕೆಲವರಲ್ಲಿ ಬಣ್ಣ ತಿಳಿಯಾದ ನಿದರ್ಶನಗಳಿದ್ದರೂ, ಸಾಮಾನ್ಯವಾಗಿ ಇದು ಜೀವನಪರ್ಯಂತ ಉಳಿಯುವ ಬದಲಾವಣೆಯಾಗಿರುತ್ತದೆ.

ಅಮೆರಿಕದ ಮೊಂಟಾನಾ ರಾಜ್ಯದಿಂದ 2002ರಲ್ಲಿ ಸೆನೆಟ್ ಚುನಾವಣೆಗೆ ಸ್ಪರ್ಧಿಸಿದ್ದ ಸ್ಟ್ಯಾನ್ ಜೋನ್ಸ್ ಅವರ ನಿದರ್ಶನವನ್ನು ಇಲ್ಲಿ ಗಮನಿಸಬಹುದು. 2000ನೇ ಇಸವಿಯ ಆರಂಭದಲ್ಲಿ ಗಣಕಯಂತ್ರಗಳು ಕೆಟ್ಟು ಔಷಧಗಳ ಅಭಾವ ಉಂಟಾಗಬಹುದೆಂಬ ಭಯದಿಂದ ಅವರು 1999ರಲ್ಲಿ ಈ ದ್ರಾವಣವನ್ನು ತಾವೇ ತಯಾರಿಸಿ ಸೇವಿಸಲು ಆರಂಭಿಸಿದರು. ಭಯಪಟ್ಟ ಅಭಾವ ಬರಲಿಲ್ಲ. ಚರ್ಮ ಮಾತ್ರ ಬೂದು ಬಣ್ಣಕ್ಕೆ ತಿರುಗಿತು.

ಇದಲ್ಲದೆ, ಬೆಳ್ಳಿಯು ಕೆಲವು ಆ್ಯಂಟಿಬಯೋಟಿಕ್‌ಗಳು ಹಾಗೂ ಥೈರಾಯ್ಡ್ ಮಾತ್ರೆ ದೇಹಕ್ಕೆ ಸೇರುವುದನ್ನು ತಡೆಯಬಹುದಾಗಿದೆ. ಇದನ್ನೇ ನಂಬಿ ಸಕಾಲಿಕ ಚಿಕಿತ್ಸೆಯನ್ನು ಮುಂದೂಡುವುದು ಇನ್ನೂ ದೊಡ್ಡ ಅಪಾಯ.

4. ವೈದ್ಯಕೀಯದಲ್ಲಿ ಬೆಳ್ಳಿಯ ಸ್ಥಾನ

ಬೆಳ್ಳಿಗೆ ರೋಗಾಣುಗಳನ್ನು ಕೊಲ್ಲುವ ಗುಣ ಇರುವುದು ಸತ್ಯ. ಸುಟ್ಟ ಗಾಯಗಳಿಗೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ವೈದ್ಯರ ಸಲಹೆಯಂತೆ ಹಚ್ಚಲಾಗುತ್ತದೆ. ಆದರೆ ಗಾಯದ ಮೇಲೆ ಹಚ್ಚುವುದು ಬೇರೆ, ಕುಡಿಯುವುದು ಬೇರೆ. ಕಲಿಲ ಬೆಳ್ಳಿ ಅಥವಾ ಬೆಳ್ಳಿಯ ಲವಣಗಳಿರುವ, ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಗಳು ಸುರಕ್ಷಿತವೂ ಪರಿಣಾಮಕಾರಿಯೂ ಆದವೆಂದು ಮಾನ್ಯವಾಗಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 1999ರಲ್ಲಿ ಅಂತಿಮ ನಿಯಮ ಹೊರಡಿಸಿದೆ. ಕೋವಿಡ್-19 ಗುಣಪಡಿಸುವುದಾಗಿ ಹೇಳಿ ಇದನ್ನು ಮಾರುತ್ತಿದ್ದವರಿಗೆ 2020ರ ಮಾರ್ಚ್‌ನಲ್ಲಿ ಅದೇ ಸಂಸ್ಥೆ ಎಚ್ಚರಿಕೆ ಪತ್ರ ನೀಡಿತು.

5. ಕಾನೂನಿನ ಅಂಶಗಳು

ಮಾರಾಟಕ್ಕಾಗಿ ಔಷಧ ತಯಾರಿಸಲು ಔಷಧ ಮತ್ತು ಕಾಂತಿವರ್ಧಕ ಅಧಿನಿಯಮ, 1940ರ ಮೇರೆಗೆ ಪರವಾನಗಿ ಕಡ್ಡಾಯ. ಕ್ಯಾನ್ಸರ್, ಮಧುಮೇಹ, ಕ್ಷಯ ಮುಂತಾದ ಅನುಸೂಚಿತ ರೋಗಗಳನ್ನು ಗುಣಪಡಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮವು ನಿಷೇಧಿಸುತ್ತದೆ.

6. ಸಾರ್ವಜನಿಕರಲ್ಲಿ ಮನವಿ

ಅ) ಮನೆಯಲ್ಲಿ ತಯಾರಿಸಿದ ಬೆಳ್ಳಿ ದ್ರಾವಣವನ್ನು ಸೇವಿಸಬಾರದು, ಮಕ್ಕಳಿಗೆ ಹಾಗೂ ಗರ್ಭಿಣಿಯರಿಗೆ ಕೊಡಲೇಬಾರದು.

ಆ) ಕಣ್ಣು, ಮೂಗುಗಳಿಗೆ ಹನಿಯಾಗಿಯೂ ಬಳಸಬಾರದು.

ಇ) ಈಗಾಗಲೇ ಸೇವಿಸುತ್ತಿರುವವರು ಕೂಡಲೇ ನಿಲ್ಲಿಸಿ, ಎಷ್ಟು ಕಾಲದಿಂದ ಸೇವಿಸಲಾಗಿದೆ ಎಂಬುದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು.

ಈ) ವಸಡು ಅಥವಾ ಉಗುರಿನ ಬುಡ ಬೂದು ಬಣ್ಣಕ್ಕೆ ತಿರುಗಿರುವುದು ಕಂಡುಬಂದಲ್ಲಿ ಚರ್ಮರೋಗ ತಜ್ಞರನ್ನು ಕಾಣತಕ್ಕದ್ದು.

ಖರ್ಚು ಕಡಿಮೆ ಎಂಬ ಒಂದೇ ಕಾರಣಕ್ಕೆ ಈ ವಿಧಾನಕ್ಕೆ ಮಾರುಹೋಗದೆ, ಸೋಂಕಿನ ಲಕ್ಷಣಗಳು ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.