ಹೊಟ್ಟೆಯ ಆಮ್ಲ ದಾಟಿಸುವ ಮಣಿ

ಮುಂಬಯಿಯ ಆಂಟಾಪ್ ಹಿಲ್‌ನ ಕಾಣೆ ನಗರದ ಹತ್ತಿರ ನನ್ನದೊಂದು ಔಷಧಿ ಅಂಗಡಿ ಇದೆ. ಮಳೆಗಾಲದಲ್ಲಿ ಮಕ್ಕಳಿಗೆ ಭೇದಿ ಶುರುವಾದರೆ ಸಾಕು, ಪ್ರೊಬಯಾಟಿಕ್ ಪುಡಿ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಕುಂದಾಪುರ ಕಡೆಯ ಅಜ್ಜಿಯೊಬ್ಬರು ಮೊಮ್ಮಗನಿಗೆ ಒಯ್ಯುತ್ತ ಕೇಳಿದರು: "ಬಿಸಿ ಹಾಲಿಗೆ ಹಾಕಿ ಕೊಡ್ಲಕ್ಕಾ ಮಗಾ?"

"ಬ್ಯಾಡ ಅಮ್ಮಾ, ಅದ್ರೊಳಗಿಪ್ಪು ಜೀವ ಸತ್ ಹೋತ್ತ್" ಅಂದೆ. ಪುಡಿಯಲ್ಲಿ ಜೀವವಿದೆ ಎಂಬುದೇ ಅವರಿಗೆ ಹೊಸ ಸಂಗತಿ.

ಇಡೀ ವಿಷಯ ನಿಂತಿರುವುದು ಆ ಜೀವದ ಮೇಲೆಯೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2001ರಲ್ಲಿ ಸೇರಿ ಹೇಳಿದ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಾಣುಗಳೇ ಪ್ರೊಬಯಾಟಿಕ್. ನಮ್ಮ ದೇಶದ ಆಹಾರ ನಿಯಮವೂ ದಿನದ ಒಂದು ಪ್ರಮಾಣದಲ್ಲಿ ಸಾಮಾನ್ಯವಾಗಿ 10 ಕೋಟಿ ಜೀವಂತ ಸೂಕ್ಷ್ಮಾಣು ಇರಬೇಕೆನ್ನುತ್ತದೆ. ಆದರೆ ಆ ಲೆಕ್ಕ ಪೊಟ್ಟಣದೊಳಗಿನದು. ಕರುಳಿಗೆ ಹೋಗಿ ಮುಟ್ಟುವುದೆಷ್ಟು? ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಅದು.

ಎಲ್ಲ ಸೂಕ್ಷ್ಮಾಣುಗಳ ಪಾಡು ಒಂದೇ ಅಲ್ಲ. ಬ್ಯಾಸಿಲಸ್ ಕ್ಲಾಸಿಯಂಥವು ಬೀಜಾಣುವಾಗಿ ಗಟ್ಟಿ ಕವಚ ತೊಟ್ಟಿರುತ್ತವೆ; ಹೊಟ್ಟೆಯ ಆಮ್ಲ ಅವುಗಳನ್ನು ಅಷ್ಟಾಗಿ ಬಾಧಿಸದು. ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂಗಳು ಹಾಗಲ್ಲ. ಸೆಕೆ ಆಗದು, ತೇವ ಆಗದು, ಬೈಫಿಡೋಗಂತೂ ಗಾಳಿಯಲ್ಲಿನ ಆಮ್ಲಜನಕವೂ ಆಗದು. ಇದೆಲ್ಲ ದಾಟಿ ಬಾಯಿಗೆ ಬಿದ್ದರೂ ಮುಂದೆ ಜಠರದ ಆಮ್ಲ, ಆಮೇಲೆ ಪಿತ್ತರಸ. ದಾರಿಯಲ್ಲೇ ಬಹಳಷ್ಟು ಸಾಯುತ್ತವೆ.

ಹಾಗಾಗಿ ಅವುಗಳನ್ನು ಹೈಡ್ರೊಜೆಲ್ ಮಣಿಯೊಳಗೆ ಕೂರಿಸಿ ಕಳುಹಿಸುವ ಉಪಾಯ ಬಂತು. ಹೈಡ್ರೊಜೆಲ್ ಎಂದರೆ ನೀರು ಹಿಡಿದಿಟ್ಟುಕೊಂಡ ಜಾಲ. ಫಾಲೂದಾಕ್ಕೆ ಹಾಕುವ ಸಬ್ಜಾ, ಊರ ಕಡೆಯ ಕಾಮಕಸ್ತೂರಿ ಬೀಜ, ನೆನೆದಾಗ ಸುತ್ತ ಕಟ್ಟಿಕೊಳ್ಳುವ ಲೋಳೆ ಅಂಥದ್ದೇ. ಪ್ರಯೋಗಾಲಯದಲ್ಲಿ ಹೆಚ್ಚು ಬಳಕೆಯಾಗುವುದು ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್. ಬ್ಯಾಕ್ಟೀರಿಯಾ ಬೆರೆಸಿದ ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಹನಿಯಾಗಿ ಬಿಟ್ಟರೆ ಪ್ರತಿ ಹನಿಯೂ ಮಣಿಯಾಗಿ ಹೆಪ್ಪುಗಟ್ಟುತ್ತದೆ. ಕ್ಯಾಲ್ಸಿಯಂ ಅಯಾನುಗಳು ಆಲ್ಜಿನೇಟ್‌ನ ಉದ್ದ ಸರಪಳಿಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಕುದಿಸುವುದಿಲ್ಲ, ಕಟುವಾದ ರಾಸಾಯನಿಕ ಬೇಕಿಲ್ಲ. ಒಳಗಿನ ಜೀವಕ್ಕೆ ನೋವಿಲ್ಲ. ಮಣಿ ಆಮ್ಲದಲ್ಲಿ ಮುದುಡುತ್ತದೆ, ಕರುಳಿನಲ್ಲಿ ಆಮ್ಲ ತಗ್ಗಿದಾಗ ಉಬ್ಬಿ, ಸಡಿಲವಾಗಿ ಒಳಗಿನವನ್ನು ಬಿಟ್ಟುಕೊಡುತ್ತದೆ. ಎಷ್ಟು ಚಂದದ ಏರ್ಪಾಡು! 1980ರಲ್ಲೇ ಲಿಮ್ ಮತ್ತು ಸನ್ ಎಂಬ ವಿಜ್ಞಾನಿಗಳು ಇನ್ಸುಲಿನ್ ಸ್ರವಿಸುವ ಜೀವಕೋಶಗಳನ್ನು ಆಲ್ಜಿನೇಟ್ ಮಣಿಯಲ್ಲಿಟ್ಟು ಮಧುಮೇಹದ ಇಲಿಗಳಿಗೆ ಹಾಕಿ ನೋಡಿದ್ದರು.

ಒಂದು ಕೊರತೆ ಮಾತ್ರ ಉಳಿಯಿತು. ಈ ಜಾಲದ ರಂಧ್ರಗಳಿಂದ ಬ್ಯಾಕ್ಟೀರಿಯಾ ಹೊರಬರಲಾರದು, ಅದು ಸುಮಾರು 1000 ನ್ಯಾನೊಮೀಟರ್ ಗಾತ್ರದ್ದು. ಆದರೆ ಆಮ್ಲದ ಹೈಡ್ರೊಜನ್ ಅಯಾನು ತೀರ ಸಣ್ಣದು, ಸಲೀಸಾಗಿ ಒಳನುಗ್ಗುತ್ತದೆ. ನ್ಯಾನೊಕಣಗಳ ಕೆಲಸ ಇಲ್ಲಿಂದ ಶುರು. ಮಣಿಯೇ ನ್ಯಾನೊ ಅಲ್ಲ, ಅದು ಕಣ್ಣಿಗೆ ಕಾಣುವಷ್ಟು ದೊಡ್ಡದೂ ಇರಬಹುದು. ಜಾಲದ ನಡುವೆ ಬೆರೆಸುವ ಕಣ 100 ನ್ಯಾನೊಮೀಟರ್‌ಗಿಂತ ಚಿಕ್ಕದು. ಹೀಗೆ ಬೆರೆತದ್ದೇ ನ್ಯಾನೊಕಾಂಪೋಸಿಟ್ ಹೈಡ್ರೊಜೆಲ್. ಕೆಲವು ಕಣಗಳು ಜಾಲವನ್ನು ಗಟ್ಟಿ ಮಾಡಿ ದಾರಿಯನ್ನು ಸುತ್ತುಬಳಸಾಗಿಸುತ್ತವೆ. ಚೀನಾದ ಸಂಶೋಧಕರು 2018ರಲ್ಲಿ ಮೆಗ್ನೀಷಿಯಂ ಆಕ್ಸೈಡ್ ಕಣ ಬೆರೆಸಿದರು. ಅದು ಒಳಬಂದ ಆಮ್ಲವನ್ನೇ ಶಮನ ಮಾಡಿ ಬ್ಯಾಕ್ಟೀರಿಯಾ ಬದುಕುಳಿಯಲು ನೆರವಾಯಿತು. ಆಮ್ಲಶಾಮಕ ಔಷಧಿಗಳಲ್ಲಿ ಬಳಸುವ ಅದೇ ಪದಾರ್ಥ!

ಸೆಲ್ಯುಲೋಸ್‌ನ ನ್ಯಾನೊ ಹರಳು ಬೆರೆಸಿದ ಆಲ್ಜಿನೇಟ್ ಮಣಿಗಳ ಪ್ರಯೋಗವೂ ನಡೆದಿದೆ. ಇದು ನನಗೆ ಇನ್ನೂ ಹತ್ತಿರದ ಸಂಗತಿ. ಇಲ್ಲಿಂದ ದೂರವೇನಲ್ಲದ ಮಾಟುಂಗಾದಲ್ಲಿ 1924ರಿಂದ ಹತ್ತಿಯ ಸಂಶೋಧನೆ ನಡೆಸುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ, ಈಗಿನ ಸಿರ್ಕಾಟ್, ಹತ್ತಿಯಿಂದ ನ್ಯಾನೊಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವನ್ನೂ ಕಟ್ಟಿದೆ. ಅದೇ ಮಾಟುಂಗಾದಲ್ಲಿ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಿದೆ. ಹಳಬರ ಬಾಯಲ್ಲಿ ಅದು ಇಂದಿಗೂ ಯುಡಿಸಿಟಿ. ಹತ್ತಿ, ಔಷಧಿ, ಆಹಾರ ಮೂರನ್ನೂ ಬಲ್ಲವರು ಇಷ್ಟು ಸಮೀಪದಲ್ಲಿರುವ ಊರು ಅಪರೂಪ.

ನ್ಯಾನೊ ಎಂದಮಾತ್ರಕ್ಕೆ ಎಲ್ಲವೂ ಒಗ್ಗುವುದಿಲ್ಲ. ಬೆಳ್ಳಿಯ ನ್ಯಾನೊಕಣ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ದಿನವೂ ತಿನ್ನುವ ಪದಾರ್ಥವೆಂದಮೇಲೆ ಆ ಕಣ ದೇಹದಲ್ಲಿ ಎಲ್ಲಿ ಹೋಗಿ ಸೇರುತ್ತದೆ ಎಂಬುದಕ್ಕೆ ಗಟ್ಟಿ ಉತ್ತರ ಬೇಕು. ಅಲ್ಲದೆ ಹಸಿ ಮಣಿಯ ಬಹುಪಾಲು ನೀರೇ. ಕಪಾಟಿನಲ್ಲಿಡಲು ಒಣಗಿಸಬೇಕು, ಒಣಗಿಸುವಾಗಲೂ ಒಂದಷ್ಟು ಜೀವ ಹೋಗುತ್ತದೆ. ಈ ಫಲಿತಾಂಶಗಳಲ್ಲಿ ಹೆಚ್ಚಿನವು ಬಂದಿರುವುದು ಗಾಜಿನ ಪಾತ್ರೆಯ ಕೃತಕ ಜಠರರಸದಿಂದ. ನನ್ನ ಅಂಗಡಿಯಲ್ಲಿ ಅಂಥ ನ್ಯಾನೊಕಣ ಬೆರೆಸಿದ ಮಣಿಯ ಮಾಲು ಇನ್ನೂ ಬಂದಿಲ್ಲ.

ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ನನ್ನ ಗಿರಾಕಿಗಳಲ್ಲಿ ಬಹಳ ಮಂದಿ ತಗಡಿನ ಮಾಡಿನ ಒಂದೇ ಕೋಣೆಯಲ್ಲಿರುವವರು. ಮೇ ತಿಂಗಳ ಸೆಕೆಯಲ್ಲಿ ಆ ಕೋಣೆ ಕಾದಿರುತ್ತದೆ, ಫ್ರಿಜ್ಜು ಎಲ್ಲರ ಮನೆಯಲ್ಲಿಲ್ಲ. "ತಂಪಿನಲ್ಲಿಡಿ" ಎಂದು ಬರೆದ ಪೊಟ್ಟಣವನ್ನು ಅವರ ಕೈಗಿಡುವಾಗ ನನಗೆ ಸಂಕಟವಾಗುತ್ತದೆ. ಸೆಕೆಗೂ ಬಾಡದ ಮಣಿ ಮೊದಲು ತಲುಪಬೇಕಾದದ್ದು ಈ ಮನೆಗಳಿಗೆ.

ಅಲ್ಲಿಯವರೆಗೆ ಇಷ್ಟು ನೋಡಿಕೊಳ್ಳಿ. ಪೊಟ್ಟಣದ ಮೇಲೆ ಸೂಕ್ಷ್ಮಾಣುವಿನ ಪೂರ್ತಿ ಹೆಸರಿದೆಯೇ, ಹೇಳಿದ ಸಂಖ್ಯೆ ಅವಧಿ ಮುಗಿಯುವ ದಿನದವರೆಗೂ ಇರುತ್ತದೆಂದು ಬರೆದಿದೆಯೇ ಎಂದು ಓದಿ. ಬಿಸಿ ಹಾಲು, ಬಿಸಿ ಗಂಜಿಗೆ ಬೆರೆಸಬೇಡಿ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಮಗುವಿಗೆ ಭೇದಿಯಾದರೆ ಮೊದಲು ಓಆರ್‌ಎಸ್ ಕುಡಿಸಿ, ಡಾಕ್ಟರು ಹೇಳಿದಂತೆ ಜಿಂಕ್ ಕೊಡಿ; ಪ್ರೊಬಯಾಟಿಕ್ ಏನಿದ್ದರೂ ಅದರ ನಂತರ.