ಬಿಲ್ಲು ಬೇಕೋ, ಬೇಡವೋ?

ಕಲಬುರಗಿ ಜಿಲ್ಲೆಯ ಈಶಾನ್ಯ ಭಾಗದಲ್ಲಿ, ತೆಲಂಗಾಣದ ಗಡಿಗೆ ಸಮೀಪವಾಗಿ, ಚಿಂಚೋಳಿಯ ಜೋಡಿ ಊರೆನಿಸಿದ ಚಂದಾಪುರವಿದೆ. ಅದರ ದಕ್ಷಿಣಕ್ಕೆ ಸೇಡಂ. ಇನ್ನೂ ಮುಂದೆ ಸಾಗಿದರೆ ಚಿತ್ತಾಪುರ, ವಾಡಿ, ಶಹಾಬಾದುಗಳು. ನೆಲದ ಮೇಲೆ ತೊಗರಿ, ನೆಲದ ಕೆಳಗೆ ಸುಣ್ಣದ ಕಲ್ಲು, ಇವೆರಡೂ ಈ ಸೀಮೆಗೆ ಪ್ರಕೃತಿಯಿತ್ತ ಸಂಪತ್ತು. ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ದೂರದ ನಗರಗಳ ಮಹಡಿಗಳನ್ನೆತ್ತಿದೆ. ಶಹಾಬಾದಿನ ಹಾಸುಗಲ್ಲು ಎಷ್ಟೋ ಮನೆಗಳ ಅಂಗಳದಲ್ಲಿ ತಣ್ಣಗೆ ಮಲಗಿದೆ.

ಸರಕು ಇದ್ದೆಡೆ ವ್ಯಾಪಾರವುಂಟು, ವ್ಯಾಪಾರವಿದ್ದೆಡೆ ತೆರಿಗೆಯುಂಟು. ತೆರಿಗೆಯಿದ್ದೆಡೆ ಒಂದು ಪ್ರಶ್ನೆಯೂ ಉಂಟು: “ಪಕ್ಕಾ ಬಿಲ್ಲು ಬೇಕೋ, ಕಚ್ಚಾ ಚೀಟಿ ಸಾಕೋ?” ಈ ಪ್ರಶ್ನೆ ಯಾವ ಒಂದು ಊರಿಗೂ ಮೀಸಲಾದುದಲ್ಲ. ರಾಜಧಾನಿಯ ದೊಡ್ಡ ಪೇಟೆಯಲ್ಲೂ ಕೇಳಿಬರುತ್ತದೆ, ತಾಲ್ಲೂಕು ಕೇಂದ್ರದ ಕಬ್ಬಿಣದಂಗಡಿಯಲ್ಲೂ ಕೇಳಿಬರುತ್ತದೆ. ಗಿರಾಕಿಯ ಉತ್ತರವೂ ಸಾಮಾನ್ಯವಾಗಿ ಒಂದೇ: “ಯಾವುದರಲ್ಲಿ ಕಡಿಮೆಯಾಗುತ್ತದೋ ಅದನ್ನೇ ಕೊಡಿ.” ಮಾತು ಮುಗಿಯಿತು, ಹಣ ಕೈ ಬದಲಾಯಿಸಿತು. ಇದರಿಂದ ಯಾರಿಗೆ ಏನು ನಷ್ಟವಾಯಿತೆಂದು ಇಬ್ಬರಲ್ಲಿ ಯಾರೂ ಯೋಚಿಸುವುದಿಲ್ಲ.

ಒಂದು ಚೀಲದ ಲೆಕ್ಕ

ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ೨೦೧೭ನೆಯ ಜುಲೈ ಒಂದರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಸಿಮೆಂಟಿಗೆ ಶೇಕಡಾ ೨೮ರ ದರ ಗೊತ್ತಾಗಿತ್ತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದು ಶೇಕಡಾ ೧೮ಕ್ಕೆ ಇಳಿಯಿತು. ತಿಳಿವಳಿಕೆಗಾಗಿ ಒಂದು ಚೀಲದ ಬೆಲೆಯನ್ನು ಊಹಿಸಿಕೊಳ್ಳೋಣ. ಕಾರ್ಖಾನೆಯವರು ವ್ಯಾಪಾರಿಗೆ ೨೮೦ ರೂಪಾಯಿಗೆ ಕೊಟ್ಟರೆ ತೆರಿಗೆ ೫೦ ರೂಪಾಯಿ ೪೦ ಪೈಸೆ. ವ್ಯಾಪಾರಿ ಅದನ್ನು ೩೦೦ ರೂಪಾಯಿಗೆ ಮಾರಿದರೆ ಗಿರಾಕಿಯಿಂದ ಪಡೆಯುವ ತೆರಿಗೆ ೫೪ ರೂಪಾಯಿ. ತಾನು ಮೊದಲೇ ತೆತ್ತದ್ದನ್ನು ಕಳೆದು ಉಳಿದ ೩ ರೂಪಾಯಿ ೬೦ ಪೈಸೆಯನ್ನು ಅವನು ಸರ್ಕಾರಕ್ಕೆ ಕಟ್ಟಬೇಕು. ಅವನಿಗೆ ಉಳಿಯುವ ಲಾಭ ೨೦ ರೂಪಾಯಿ.

ಕೇವಲ ಮೂರೂವರೆ ರೂಪಾಯಿಯ ಆಸೆಗೆ ಯಾರು ಕಳ್ಳ ಲೆಕ್ಕ ಬರೆಯುತ್ತಾರೆ ಎಂದು ಕೇಳಬಹುದು. ಮರ್ಮ ಇರುವುದು ಬೇರೆಡೆ. ಮನೆ ಕಟ್ಟುವ ಗೃಹಸ್ಥನು ಬಿಲ್ಲು ಬೇಡವೆಂದು ೩೪೦ ರೂಪಾಯಿ ನಗದು ಕೊಟ್ಟು ಚೀಲವನ್ನು ಒಯ್ಯುತ್ತಾನೆ. ಸರಕು ಹೋಯಿತು, ಅದರ ಬಿಲ್ಲು ಮಾತ್ರ ಅಂಗಡಿಯಲ್ಲೇ ಉಳಿಯಿತು. ಆ ಬಿಲ್ಲನ್ನು ಒಬ್ಬ ಗುತ್ತಿಗೆದಾರನ ಹೆಸರಿಗೆ ಬರೆದು, ಬರಿಯ ಕಾಗದಕ್ಕೆ ೨೦ ರೂಪಾಯಿ ಕಮಿಷನ್ ಪಡೆಯಬಹುದು! ಚೀಲವನ್ನು ಕಣ್ಣಿನಿಂದಲೂ ಕಾಣದ ಗುತ್ತಿಗೆದಾರನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ೫೪ ರೂಪಾಯಿಯನ್ನು ಮುರಿದುಕೊಳ್ಳುತ್ತಾನೆ.

ಈಗ ಪಾಲು ನೋಡಿ. ೩೫೪ರ ಬದಲು ೩೪೦ ಕೊಟ್ಟ ಗೃಹಸ್ಥನಿಗೆ ೧೪ ರೂಪಾಯಿ ಉಳಿತಾಯ. ನ್ಯಾಯವಾದ ೨೦ ರೂಪಾಯಿಯ ಬದಲು ೨೬ ರೂಪಾಯಿ ಗಳಿಸಿದ ವ್ಯಾಪಾರಿಗೆ ೬ ರೂಪಾಯಿ ಹೆಚ್ಚಿನ ಲಾಭ. ೨೦ ಕೊಟ್ಟು ೫೪ ಮುರಿದುಕೊಂಡ ಗುತ್ತಿಗೆದಾರನಿಗೆ ೩೪. ಮೂರನ್ನೂ ಕೂಡಿಸಿದರೆ ೫೪! ಸಾರ್ವಜನಿಕರ ಬೊಕ್ಕಸದಿಂದ ಸೋರಿದ್ದು ಅಷ್ಟೇ. ೪೦೦ ಚೀಲ ಬೇಡುವ ಮನೆಯೊಂದಕ್ಕೆ ಗೃಹಸ್ಥನು ಉಳಿಸಿದ್ದು ೫,೬೦೦ ರೂಪಾಯಿ. ಬೊಕ್ಕಸ ಕಳೆದುಕೊಂಡದ್ದು ೨೧,೬೦೦ ರೂಪಾಯಿ. ತಾನು ಚೌಕಾಸಿ ಮಾಡಿ ಗೆದ್ದೆನೆಂದು ಗೃಹಸ್ಥನು ಹಿಗ್ಗುತ್ತಾನೆ. ದೊಡ್ಡ ಪಾಲು ಇನ್ನಾರದೋ ಜೇಬು ಸೇರಿರುವುದು ಅವನಿಗೆ ತಿಳಿಯುವುದೇ ಇಲ್ಲ.

ಪ್ರಾಮಾಣಿಕನ ಪಾಡು

ಈ ಆಟದಲ್ಲಿ ಮೊದಲು ಪೆಟ್ಟು ತಿನ್ನುವವನು ಪಕ್ಕದಂಗಡಿಯ ಪ್ರಾಮಾಣಿಕ ವ್ಯಾಪಾರಿ. ಅವನ ಕಿರ್ದಿ ಖಾತೆಗಳೆಲ್ಲ ನೆಟ್ಟಗಿವೆ. ಗುಮಾಸ್ತನಿಗೆ ಸಂಬಳ ಕೊಟ್ಟು ತಿಂಗಳು ತಿಂಗಳೂ ಲೆಕ್ಕಪತ್ರ ಸಲ್ಲಿಸುತ್ತಾನೆ. ಆದರೆ ಅವನ ಬೆಲೆ ೩೫೪ ರೂಪಾಯಿ. “ಆ ಅಂಗಡಿಯಲ್ಲಿ ೩೪೦ಕ್ಕೆ ಕೊಡುತ್ತಾರಲ್ಲಾ, ನೀವೇಕೆ ದುಬಾರಿ?” ಎಂದು ಹಳೆಯ ಗಿರಾಕಿಯೇ ಕೇಳಿದಾಗ ಅವನು ಏನು ಹೇಳಬೇಕು? ಒಂದು ವರ್ಷ ತಡೆದಾನು, ಎರಡು ವರ್ಷ ತಡೆದಾನು. ಆಮೇಲೆ ಅಂಗಡಿ ಮುಚ್ಚಬೇಕು, ಇಲ್ಲವೇ ಊರಿಗೆಲ್ಲ ಇದ್ದ ದಾರಿಯನ್ನೇ ಹಿಡಿಯಬೇಕು. ಕಳ್ಳ ಲೆಕ್ಕವು ಹಣವನ್ನಷ್ಟೇ ನುಂಗುವುದಿಲ್ಲ, ಸಜ್ಜನರ ನಿಷ್ಠೆಯನ್ನೂ ಸವೆಸುತ್ತದೆ.

ಎರಡನೆಯ ಪೆಟ್ಟು ಸಂಬಳದಾರನಿಗೆ. ಹೊಸ ಪದ್ಧತಿಯಲ್ಲಿ ೨೦೨೫-೨೬ನೆಯ ಸಾಲಿನಿಂದ ೧೨ ಲಕ್ಷ ೭೫ ಸಾವಿರ ರೂಪಾಯಿಗಳವರೆಗಿನ ವಾರ್ಷಿಕ ಸಂಬಳಕ್ಕೆ ವರಮಾನ ತೆರಿಗೆ ಬೀಳದಿರುವುದು ಮಧ್ಯಮ ವರ್ಗಕ್ಕೆ ನೆಮ್ಮದಿಯ ಮಾತೇ ಸರಿ. ಆ ಗೆರೆಯನ್ನು ದಾಟಿದ ಕಾರ್ಖಾನೆಯ ಎಂಜಿನಿಯರನಿಗಾಗಲಿ ಕಾಲೇಜಿನ ಪ್ರಾಧ್ಯಾಪಕನಿಗಾಗಲಿ ತೆರಿಗೆಯನ್ನು ಮುರಿದುಕೊಂಡೇ ಸಂಬಳ ಕೈಗೆ ಬರುತ್ತದೆ. ಬಚ್ಚಿಡುವ ಆಸೆಯಿದ್ದರೂ ಅವನಿಗೆ ಅವಕಾಶವಿಲ್ಲ. ಅವನಿಗಿಂತ ಹೆಚ್ಚು ಗಳಿಸುವ ವರ್ತಕನು ಎರಡನೆಯ ನಂಬರಿನ ಪುಸ್ತಕವಿಟ್ಟು ಬಡವನಂತೆ ಲೆಕ್ಕ ತೋರಿಸಿದರೆ, ನ್ಯಾಯದ ತಕ್ಕಡಿ ಯಾವ ಕಡೆಗೆ ವಾಲಿತು?

ಹಳೆಯ ರೋಗ, ಹಲವು ಔಷಧ

ರೋಗ ಇಂದಿನದಲ್ಲ. ಭಾರತದ ತೆರಿಗೆ ಪದ್ಧತಿಯನ್ನು ಪರಿಶೀಲಿಸಿ ೧೯೫೬ರಲ್ಲಿ ವರದಿಯಿತ್ತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರರು, ವರಮಾನ ತೆರಿಗೆಯ ವಂಚನೆಯಿಂದ ವರ್ಷಕ್ಕೆ ೨೦೦ರಿಂದ ೩೦೦ ಕೋಟಿ ರೂಪಾಯಿ ನಷ್ಟವಾಗುತ್ತಿದೆಯೆಂದು ಅಂದಾಜು ಮಾಡಿದ್ದರು. ಆಗಿನ ಕಾಲಕ್ಕೆ ಅದೆಂತಹ ಮೊತ್ತ! ೧೯೭೧ರಲ್ಲಿ ವರದಿ ನೀಡಿದ ನ್ಯಾಯಮೂರ್ತಿ ವಾಂಛೂ ಸಮಿತಿ, ತೆರಿಗೆಯ ದರಗಳು ವಿಪರೀತ ಏರಿರುವುದೇ ವಂಚನೆಗೆ ಒಂದು ಮುಖ್ಯ ಕಾರಣವೆಂದಿತು. ಆ ದಿನಗಳಲ್ಲಿ ವರಮಾನ ತೆರಿಗೆಯ ಮೇಲ್ತುದಿಯ ದರ ಶೇಕಡಾ ೯೭.೭೫ರಷ್ಟಿತ್ತು. ನೂರು ಗಳಿಸಿದವನಿಗೆ ಎರಡೂಕಾಲು ರೂಪಾಯಿ ಉಳಿಸುವ ಕಾನೂನನ್ನು ಯಾರು ಮನಃಪೂರ್ವಕವಾಗಿ ಗೌರವಿಸಿಯಾರು?

ದರ ಇಳಿಯಿತು, ರೋಗ ಪೂರ್ತಿ ಇಳಿಯಲಿಲ್ಲ. ೧೯೯೭ರಲ್ಲಿ ಕೇಂದ್ರ ಸರ್ಕಾರ ಸ್ವಯಂಘೋಷಣೆಯ ಯೋಜನೆಯೊಂದನ್ನು ತಂದಿತು. ಬಚ್ಚಿಟ್ಟ ವರಮಾನವನ್ನು ಹೊರತೆಗೆದು ವ್ಯಕ್ತಿಗಳು ಶೇಕಡಾ ೩೦ರಂತೆ ತೆರಿಗೆ ಕಟ್ಟಿದರೆ ಬಡ್ಡಿಯೂ ಇಲ್ಲ, ದಂಡವೂ ಇಲ್ಲ. ಸುಮಾರು ೩೩ ಸಾವಿರ ಕೋಟಿ ರೂಪಾಯಿ ಬೆಳಕಿಗೆ ಬಂತೆಂಬುದು ನಿಜ. ಆದರೆ ಅದೇ ವರ್ಷ ನೇರವಾಗಿ ಲೆಕ್ಕ ಕೊಟ್ಟವನಿಗೂ ಮೇಲ್ತುದಿಯ ದರ ಶೇಕಡಾ ೩೦ ಆಗಿತ್ತು. ಅದರ ಹಿಂದಿನ ವರ್ಷಗಳಲ್ಲಿ ಅವನು ಇನ್ನೂ ಹೆಚ್ಚಿನ ದರದಲ್ಲಿ ತೆತ್ತಿದ್ದನು. ತಡವಾಗಿ ಬಂದವನಿಗೆ ಮರ್ಯಾದೆ, ಹೊತ್ತಿಗೆ ಸರಿಯಾಗಿ ಬಂದವನಿಗೆ ಬರಿಯ ರಸೀದಿ! ಮಹಾಲೇಖಪಾಲರು ಈ ಯೋಜನೆಯನ್ನು ಕಟುವಾಗಿ ಟೀಕಿಸಿದರು. ಕರ್ನಾಟಕದಲ್ಲೂ ಹಳೆಯ ಬಾಕಿಗಳ ಬಡ್ಡಿ ದಂಡಗಳನ್ನು ಬಿಟ್ಟುಕೊಟ್ಟ ‘ಕರಸಮಾಧಾನ’ ಯೋಜನೆಗಳು ಒಂದಕ್ಕಿಂತ ಹೆಚ್ಚು ಬಾರಿ ಬಂದಿವೆ. ವ್ಯಾಜ್ಯ ತೀರಿಸಲು ಅವು ಉಪಯುಕ್ತವಾಗಬಹುದು. ಪದೇ ಪದೇ ಬಂದರೆ ಮಾತ್ರ, ಕಾಯುತ್ತ ಕೂತವನೇ ಜಾಣನೆಂಬ ಪಾಠ ಕಲಿಸುತ್ತವೆ.

ತರಕಾರಿಯವನಿಗೆ ಬಂದ ನೋಟೀಸು

ನ್ಯಾಯಕ್ಕೆ ಇನ್ನೊಂದು ಮಗ್ಗುಲೂ ಇದೆ. ೨೦೨೫ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆ ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ ೧.೬೩ ಕೋಟಿ ರೂಪಾಯಿ ವಹಿವಾಟಿನ ಮೇಲೆ ಸುಮಾರು ೨೯ ಲಕ್ಷ ರೂಪಾಯಿ ತೆರಿಗೆಯ ನೋಟೀಸು ಬಂದಾಗ ನಾಡೇ ಬೆರಗಾಯಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲವಷ್ಟೆ! ಅನೇಕ ಅಂಗಡಿಗಳಲ್ಲಿ ಚೌಕುಳಿ ಚಿತ್ರದ ಹಲಗೆ ಮಾಯವಾಗಿ “ನಗದು ಮಾತ್ರ” ಎಂಬ ಬರಹ ಕಾಣಿಸಿಕೊಂಡಿತು. ಜುಲೈ ೨೩ರಂದು ಮುಖ್ಯಮಂತ್ರಿ ಸಿದ್ಧರಾಮಯ್ಯನವರು ವರ್ತಕರೊಡನೆ ಮಾತುಕತೆ ನಡೆಸಿ, ಹಾಲು, ಹಣ್ಣು, ತರಕಾರಿಗಳಂತಹ ವಿನಾಯಿತಿಯುಳ್ಳ ಸರಕನ್ನು ಮಾರುವವರಿಂದ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆಯಿತ್ತರು.

ಎಲ್ಲವನ್ನೂ ಬೆಳಕಿನಲ್ಲಿಟ್ಟು ವ್ಯವಹರಿಸಿದ ತಳ್ಳುಗಾಡಿಯವನು ಮೊದಲು ಕಣ್ಣಿಗೆ ಬಿದ್ದ. ಎರಡು ಪುಸ್ತಕವಿಟ್ಟವನು ನೆರಳಿನಲ್ಲೇ ಉಳಿದ. ಕಾನೂನು ಸಣ್ಣವನನ್ನು ಮರೆತಿಲ್ಲವೆಂಬುದನ್ನೂ ಹೇಳಬೇಕು. ಸರಕನ್ನಷ್ಟೇ ಮಾರುವವನಿಗೆ ವರ್ಷಕ್ಕೆ ೪೦ ಲಕ್ಷ ರೂಪಾಯಿ ವಹಿವಾಟಿನವರೆಗೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆ ಪದ್ಧತಿಯಲ್ಲಿ ಶೇಕಡಾ ಒಂದನ್ನು ಕಟ್ಟಿ ನಿಶ್ಚಿಂತನಾಗಿರಬಹುದು. ಈ ಮಾತುಗಳು ನೋಟೀಸಿಗಿಂತ ಮುಂಚೆ ಸಂತೆಗೂ ಪೇಟೆಗೂ ತಲಪಿದ್ದರೆ ಎಷ್ಟೋ ಆತಂಕ ತಪ್ಪುತ್ತಿತ್ತು. ದೊಡ್ಡ ವಂಚನೆಗೆ ಶಿಕ್ಷೆಯೂ ದೊಡ್ಡದೇ: ಸರಕಿಲ್ಲದ ಸುಳ್ಳು ಬಿಲ್ಲಿನ ಮೂಲಕ ಐದು ಕೋಟಿ ರೂಪಾಯಿ ಮೀರಿ ತೆರಿಗೆ ವಂಚಿಸಿದವನಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಗೃಹಸ್ಥನ ಕೈಯಲ್ಲಿರುವುದು

ಸಂಸಾರ ತೂಗಿಸುವ ಗೃಹಿಣಿ ಗೃಹಸ್ಥರಿಂದ ಆಗುವುದೇನು? ಬಿಲ್ಲನ್ನು ಕೇಳಿ ಪಡೆಯುವುದು ಮೊದಲ ಕೆಲಸ. ಅದರಲ್ಲಿ ವ್ಯಾಪಾರಿಯ ಹದಿನೈದು ಅಕ್ಷರಗಳ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ ಸಂಖ್ಯೆ ೨೯ರಿಂದಲೂ ಗಡಿಯಾಚೆಯ ತೆಲಂಗಾಣದ್ದು ೩೬ರಿಂದಲೂ ಆರಂಭವಾಗುತ್ತದೆ. ರಾಜಿ ತೆರಿಗೆಯ ವ್ಯಾಪಾರಿ ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ. ತಾನು ಆ ಪದ್ಧತಿಯವನೆಂದು ಅಂಗಡಿಯ ಫಲಕದಲ್ಲಿ ತಿಳಿಸಬೇಕು. ಬಿಲ್ಲು ಕೊಡದಿರುವುದು ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕಚ್ಚಾ ಚೀಟಿಗೆ ಕೊಂಡ ಮಿಕ್ಸಿ ತಿಂಗಳೊಳಗೆ ಕೆಟ್ಟರೆ ಖರೀದಿಯನ್ನು ರುಜುವಾತುಪಡಿಸುವುದೇ ಕಷ್ಟ.

ಈ ಸೀಮೆಯವರಿಗೆ ಇನ್ನೂ ಒಂದು ವಿಶೇಷ ಕಾರಣವುಂಟು. ಜಿ.ಎಸ್.ಟಿ.ಯಲ್ಲಿ ತೆರಿಗೆ ಸೇರುವುದು ಸರಕು ಬಳಕೆಯಾಗುವ ರಾಜ್ಯಕ್ಕೆ. ವಾಡಿಯ ಸಿಮೆಂಟು ಹೈದರಾಬಾದಿನಲ್ಲಿ ಬಳಕೆಯಾದರೆ ರಾಜ್ಯದ ಪಾಲು ತೆಲಂಗಾಣದ್ದು; ಚಂದಾಪುರದ ಮನೆಗೆ ಬಳಕೆಯಾದರೆ ಅರ್ಧ ಕರ್ನಾಟಕದ್ದು, ಅರ್ಧ ಕೇಂದ್ರದ್ದು. ಹಿಂದುಳಿದ ಈ ಪ್ರದೇಶಕ್ಕೆಂದು ಸಂವಿಧಾನದಲ್ಲಿ ೩೭೧ (ಜೆ) ವಿಧಿ ಸೇರಿತು. ಅಭಿವೃದ್ಧಿ ಮಂಡಳಿ ಬಂತು. ಶಾಲೆ, ಆಸ್ಪತ್ರೆ, ರಸ್ತೆಗಳಿಗಾಗಿ ಬೊಕ್ಕಸದ ಮುಂದೆ ಕೈಯೊಡ್ಡುವ ಜನ ಅದೇ ಬೊಕ್ಕಸಕ್ಕೆ ತೂತು ಕೊರೆಯುವುದು ವಿವೇಕವೇ?

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಹೆಸರಾಂತ ಘಟಿಕಾಸ್ಥಾನವಿತ್ತು. ಅಲ್ಲಿನ ೧೦೫೮ರ ಶಾಸನದಲ್ಲಿ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ, ಪುಸ್ತಕ ಭಂಡಾರವನ್ನು ನೋಡಿಕೊಳ್ಳುತ್ತಿದ್ದವರಿಗೂ ಏರ್ಪಡಿಸಿದ್ದ ದತ್ತಿಯ ವಿವರವಿದೆ. ಒಂಬೈನೂರು ವರ್ಷಗಳಿಗೂ ಹಿಂದೆ ಈ ನೆಲದ ಹುಟ್ಟುವಳಿಯಲ್ಲೊಂದು ಪಾಲು ಹೀಗೆ ಓದುವ ಮಕ್ಕಳಿಗೆ ಸಲ್ಲುತ್ತಿತ್ತು. ಇಂದು ಆ ಪಾಲು ಬಿಲ್ಲಿನ ಕೊನೆಯ ಸಾಲಿನಲ್ಲಿ ತೆರಿಗೆಯೆಂಬ ಹೆಸರಿನಿಂದ ನಿಂತಿದೆ. ಅದನ್ನು ಅಳಿಸಿ ಉಳಿಸಿದ ಹದಿನಾಲ್ಕು ರೂಪಾಯಿ ತನ್ನದೇ ಮಗುವಿನ ಶಾಲೆಯ ಗೋಡೆಯಿಂದ ಕಿತ್ತ ಇಟ್ಟಿಗೆಯೆಂದು ಕೊಳ್ಳುವವನು ಅರಿತ ದಿನ, “ಬಿಲ್ಲು ಬೇಕೋ, ಬೇಡವೋ?” ಎಂದು ಕೇಳುವ ಧೈರ್ಯ ಮಾರುವವನಿಗೆ ಉಳಿಯಲಾರದು.