ಜೋಕುಮಾರನ ಏಳು ದಿನಗಳು

ದೊಡ್ಡ ಕ್ಷೇತ್ರಗಳಿಗೆ ತೇರು-ಜಾತ್ರೆಗಳ ವೈಭವವುಂಟು. ಸಣ್ಣ ಹಳ್ಳಿಗಳಿಗೆ ತಮ್ಮವೇ ಆದ ನಡಾವಳಿಗಳ ಸೊಬಗುಂಟು. ಭೂಪಟದಲ್ಲಿ ಹೆಸರು ಕಾಣದ ಊರೂ ವರುಷಕ್ಕೊಮ್ಮೆ ತನ್ನ ಓಣಿಯಲ್ಲಿಯೇ ಒಬ್ಬ ದೇವರನ್ನು ಹುಟ್ಟಿಸಿ, ಹಾಡಿ, ಉಣಿಸಿ, ಕಳುಹಿಕೊಡಬಲ್ಲುದು. ಉತ್ತರ ಕರ್ನಾಟಕದ ಎರೆಭೂಮಿಯ ಹಳ್ಳಿಗಳಲ್ಲಿ ನಡೆದುಬಂದ ಜೋಕುಮಾರನ ಹಬ್ಬವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಭಾದ್ರಪದ ಶುದ್ಧ ಚೌತಿಗೆ ಗಣಪತಿಯು ಬರುತ್ತಾನೆ. ಅವನ ಬೆನ್ನಿಗೇ ಅಷ್ಟಮಿಯಂದು ಜೋಕುಮಾರನು ಹುಟ್ಟಿ, ಅನಂತನ ಹುಣ್ಣಿಮೆಗೆ ಅಳಿಯುತ್ತಾನೆ. ಅವನ ಆಯುಷ್ಯ ಏಳೇ ದಿನ. ಕುಂಬಾರನು ಹಸಿಮಣ್ಣಿನಿಂದ ಅವನನ್ನು ರೂಪಿಸುತ್ತಾನೆ: ಅಗಲವಾದ ಮುಖ, ಅರಳಿದ ಕಣ್ಣು, ಹುರಿಮೀಸೆ, ತೆರೆದ ಬಾಯಿ. ಅಂಬಿಗರ ಹೆಣ್ಣುಮಕ್ಕಳು ಆ ಮೂರ್ತಿಯನ್ನು ಬುಟ್ಟಿಯಲ್ಲಿರಿಸಿ, ಸುತ್ತಲೂ ಬೇವಿನ ಸೊಪ್ಪು ಹೊಂದಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಒಯ್ಯುತ್ತಾರೆ. ಅಂಗಳದಲ್ಲಿ ಬುಟ್ಟಿಯನ್ನಿಳಿಸಿ, ಸುತ್ತ ಕುಳಿತು ಅವನ ಹುಟ್ಟು, ಪುಂಡಾಟ, ಮರಣಗಳನ್ನು ಹಾಡುತ್ತಾರೆ. ಮನೆಯೊಡತಿಯು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ತಂದು ನೀಡಿ, ದೇವರ ಬಾಯಿಗೆ ಬೆಣ್ಣೆ ಸವರುತ್ತಾಳೆ. ಪ್ರತಿಯಾಗಿ ಅವಳಿಗೆ ಬೇವಿನೆಲೆಯೊಡನೆ ನುಚ್ಚಿನ ಪ್ರಸಾದ ದೊರೆಯುತ್ತದೆ. ರೈತನು ಅದನ್ನು ಹೊಲಕ್ಕೊಯ್ದು ಚರಗ ಚೆಲ್ಲುತ್ತಾನೆ.

ಹುಣ್ಣಿಮೆಯ ರಾತ್ರಿ ಜೋಕುಮಾರನ ಕತೆ ಮುಗಿಯುತ್ತದೆ. ಅಗಸರ ಕೇರಿಯಲ್ಲಿ ಒನಕೆಯ ಪೆಟ್ಟಿನಿಂದ ಅವನು ಮಡಿಯುತ್ತಾನೆಂಬುದು ನಂಬಿಕೆ. ಮೂರ್ತಿಯು ಹಳ್ಳದ ಪಾಲಾಗುತ್ತದೆ. ಆಮೇಲೆ ಕೆಲವು ದಿನ ಅಗಸರು ಆ ಹಳ್ಳದಲ್ಲಿ ಬಟ್ಟೆ ಒಗೆಯುವುದಿಲ್ಲ. ಅಲ್ಲಿ ಜೋಕುಮಾರನ ಅಳಲು ಕೇಳಿಸುವುದಂತೆ. ಆಚರಣೆಯ ವಿವರಗಳಲ್ಲಿ ಊರಿಂದೂರಿಗೆ ಭೇದವುಂಟು. ಹಾಡಿನ ಹುರುಳು ಮಾತ್ರ ಒಂದೇ.

ಈ ಹಬ್ಬದ ಮರ್ಮವು ಜನರು ಹೇಳುವ ಒಂದು ಕತೆಯಲ್ಲಿದೆ. ಗಣಪತಿಯು ಭೂಲೋಕಕ್ಕೆ ಬಂದು, ಕಡುಬು-ಹೋಳಿಗೆಗಳನ್ನುಂಡು ಹಿಂದಿರುಗಿ, ಜನರೆಲ್ಲ ಸುಖವಾಗಿದ್ದಾರೆಂದು ಶಿವನಿಗೆ ತಿಳಿಸುತ್ತಾನೆ. ಜೋಕುಮಾರನಾದರೋ ಕೇರಿಕೇರಿಗಳನ್ನು ಸುತ್ತಿದವನು. ಬರಿದಾದ ಕಣಜವನ್ನೂ ಬಿರಿದ ಹೊಲವನ್ನೂ ಕಂಡವನು. ಅವನು ಕಂಡುದನ್ನು ಕಂಡಂತೆ ಹೇಳುತ್ತಾನೆ. ಆಗ ಶಿವನು ಮಳೆಯನ್ನು ಕರುಣಿಸುತ್ತಾನೆ. ಹಬ್ಬದ ಊಟವನ್ನು ಮಾತ್ರ ಕಂಡವನ ವರದಿಗೂ ಬಡವರ ಅಂಗಳದಲ್ಲಿ ಕುಳಿತವನ ವರದಿಗೂ ಇರುವ ಅಂತರವನ್ನು ಅಕ್ಷರವರಿಯದ ಹಳ್ಳಿಗರು ಎಷ್ಟು ಚೆನ್ನಾಗಿ ಅರಿತಿದ್ದರು!

ಹಬ್ಬದ ಕಾಲವೂ ಅರ್ಥಪೂರ್ಣವಾದುದು. ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ಉತ್ತರಿ, ಹಸ್ತ ಮಳೆಗಳೇ ಆಧಾರ. ಆ ಮಳೆಗಳನ್ನು ರೈತನು ಎದುರುನೋಡುವ ದಿನಗಳಲ್ಲಿಯೇ ಜೋಕುಮಾರನ ಬುಟ್ಟಿ ಬಾಗಿಲಿಗೆ ಬರುತ್ತದೆ. ಕುಂಬಾರನ ಕೈ, ಅಂಬಿಗಿತ್ತಿಯ ತಲೆ, ಒಕ್ಕಲಿಗನ ಕಾಳು, ಅಗಸನ ಹಳ್ಳ ಇವುಗಳಲ್ಲಿ ಯಾವುದೊಂದು ತಪ್ಪಿದರೂ ಹಬ್ಬವು ಪೂರೈಸದು. ಡಾ. ಚಂದ್ರಶೇಖರ ಕಂಬಾರರು 1972ರಲ್ಲಿ ರಚಿಸಿದ ‘ಜೋಕುಮಾರಸ್ವಾಮಿ’ ನಾಟಕವು ಈ ಜಾನಪದ ನಂಬಿಕೆಯಿಂದಲೇ ಸತ್ತ್ವವನ್ನು ಪಡೆದು, ನೆಲವು ಯಾರದೆಂಬ ಪ್ರಶ್ನೆಯನ್ನೆತ್ತಿತು.

ಇಂದು ಹಲವು ಊರುಗಳಲ್ಲಿ ಕುಂಬಾರನ ತಿಗುರಿ ನಿಂತಿದೆ. ಹಾಡು ಬಲ್ಲ ಮುದುಕಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಬುಟ್ಟಿ ಹೊತ್ತು ಕಾಳು ಬೇಡುವುದು ಕೀಳೆಂದು ಭಾವಿಸಿ ಕಿರಿಯರು ಹಿಂದೆಗೆದರೆ ಅವರನ್ನು ಆಕ್ಷೇಪಿಸುವಂತಿಲ್ಲ. ಒಂದು ಕುಲದ ಬಡತನದ ಮೇಲೆಯೇ ಊರಿನ ಸಂಭ್ರಮವು ನಿಲ್ಲಬಾರದು. ಆದರೆ ಹಾಡು ಎಲ್ಲರ ಆಸ್ತಿ. ಶಾಲೆಯ ಮಕ್ಕಳು ತಮ್ಮೂರಿನ ಅಜ್ಜಿಯರ ಬಳಿ ಕುಳಿತು ಅದನ್ನು ಕೇಳಿ ಬರೆದುಕೊಂಡರೆ ಅದೂ ಸಾಹಿತ್ಯಸೇವೆಯೇ ಸರಿ. ನೆರೆಮನೆಯ ಮೊರ ತುಂಬಿದೆಯೋ ಬರಿದಾಗಿದೆಯೋ ಎಂದು ನೋಡುವ ಕಣ್ಣನ್ನೂ ಆ ಹಾಡಿನಿಂದ ಅವರು ಪಡೆದರೆ, ಏಳು ದಿನದ ಆ ಮಣ್ಣಿನ ಕುಮಾರನ ಬಾಳು ಸಾರ್ಥಕವಾದಂತೆಯೇ.